17 ಮೀಟರ್ 3 ಸೆಂಟಿಮೀಟರ್: ಬದಿಯಡ್ಕ ಕಡೆಯ ಟ್ರಿಪಲ್ ಜಂಪ್ ಶಿಬಿರ ಹೇಗಿತ್ತು?

ಈ ಬೇಸಿಗೆ ರಜೆಯಲ್ಲಿ ಮಗಳನ್ನು ಒಂದು ತಿಂಗಳು ಟ್ರಿಪಲ್ ಜಂಪ್ ಶಿಬಿರಕ್ಕೆ ಕಳಿಸಿದ್ದೆ. ಕೇರಳದ ನಮ್ಮ ಕಾಸರಗೋಡು ಜಿಲ್ಲೆಯ ನೀರ್ಚಾಲು, ಪೆರ್ಲ, ಕುಂಬಳೆ ಕಡೆಯ ಬಹಳ ಜನ ತಾಯಂದಿರು ಹೇಗಿತ್ತು, ಫೀಸು ಎಷ್ಟು, ಹುಡುಗಿಯರನ್ನು ಕಳಿಸಬಹುದಾ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವಾಗ ಅರ್ಧ ಮಾತು ಬಿಟ್ಟುಹೋಗುತ್ತದೆ. ಅದಕ್ಕೆ ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಕಳಿಸಿ, ಖಂಡಿತ ಕಳಿಸಿ. ಆದರೆ ಎರಡು ಮೂರು ವಿಷಯ ತಿಳಿದುಕೊಂಡು ಕಳಿಸಿ. ಅಲ್ಲಿ ಕಲಿಸುವುದು ತುಂಬ ಚೆನ್ನಾಗಿದೆ, ಬಾಕಿ ಸೌಕರ್ಯ ಅಷ್ಟಕ್ಕಷ್ಟೇ.

ಶಿಬಿರ ನಡೆಸುವವರು ರಿಟೈರ್ ಆದ ಒಬ್ಬ ಪಿ.ಟಿ. ಮಾಸ್ಟ್ರು. ಕನ್ನಡ ಮಕ್ಕಳು ಮಾಸ್ಟ್ರೇ ಅನ್ನುತ್ತಾರೆ, ಮಲಯಾಳ ಮಕ್ಕಳು ಮಾಷೇ ಅನ್ನುತ್ತಾರೆ. ಅವರು ಕನ್ನಡದಲ್ಲಿ ಶುರು ಮಾಡಿದ ಮಾತು ತುಳುವಿಗೆ ಹೋಗಿ ಮಲಯಾಳದಲ್ಲಿ ಮುಗಿಯುತ್ತದೆ. ನಮ್ಮೂರ ಮಕ್ಕಳಿಗೆ ಅದರಿಂದ ಏನೂ ತೊಂದರೆ ಇಲ್ಲ. ಬೆಳಗ್ಗೆ ಆರೂವರೆಯಿಂದ ಎಂಟೂವರೆವರೆಗೆ, ವಾರಕ್ಕೆ ಆರು ದಿನ. ಫೀಸು ತಿಂಗಳಿಗೆ 1,200 ರೂಪಾಯಿ, ಒಟ್ಟಿಗೆ ಕೊಡಲು ಆಗದವರು ಎರಡು ಕಂತಿನಲ್ಲಿ ಕೊಡಬಹುದು. ಇಪ್ಪತ್ತೆರಡು ಮಕ್ಕಳಿದ್ದರು, ಅದರಲ್ಲಿ ಒಂಬತ್ತು ಹುಡುಗಿಯರು. ಜಾಗ ಒಂದು ಶಾಲೆಯ ಮೈದಾನ, ಬಸ್ಸಿಳಿದು ಐದು ನಿಮಿಷ ನಡೆಯಬೇಕು.

ನನ್ನ ಮಗಳು ಒಂಬತ್ತಕ್ಕೆ ಹೋಗುವವಳು. ಹೋದ ವರ್ಷದ ಉಪಜಿಲ್ಲಾ ಕ್ರೀಡಾಕೂಟದಲ್ಲಿ ಲಾಂಗ್ ಜಂಪ್‌ನಲ್ಲಿ ನಾಲ್ಕನೆಯವಳಾಗಿದ್ದಳು. ಟ್ರಿಪಲ್ ಜಂಪ್ ಅಂದರೆ ಏನೆಂದು ನನಗೆ ಸರಿಯಾಗಿ ಗೊತ್ತೇ ಇರಲಿಲ್ಲ. ಓಡಿ ಬಂದು ಹಲಗೆಯ ಮೇಲೆ ಒಂದು ಕಾಲೂರಿ, ಅದೇ ಕಾಲಿನ ಮೇಲೆ ಇಳಿದು, ಅಲ್ಲಿಂದ ಇನ್ನೊಂದು ಕಾಲಿಗೆ ಹೋಗಿ, ಅಲ್ಲಿಂದ ಹೊಯಿಗೆ (ಮರಳು) ಗುಂಡಿಗೆ ಹಾರುವುದು. ಹಾಪ್, ಸ್ಟೆಪ್, ಜಂಪ್. ಮಾಸ್ಟ್ರು ಅದನ್ನು ಕುಂಟು, ಹೆಜ್ಜೆ, ಹಾರು ಅನ್ನುತ್ತಾರೆ. ಕುಂಟಾಬಿಲ್ಲೆ ಆಡಿದ ಮಕ್ಕಳಿಗೆ ಅರ್ಧ ಮೊದಲೇ ಬರುತ್ತದೆ ಅಂತ ಅವರ ನಂಬಿಕೆ.

ಮೊದಲ ದಿನ ಯಾರನ್ನೂ ಹಾರಿಸಲಿಲ್ಲ. ನಾನು ಆ ದಿನ ಅಲ್ಲೇ ಮರದ ಬುಡದಲ್ಲಿ ಕೂತಿದ್ದೆ. ಮಾಸ್ಟ್ರು ಉದ್ದದ ಟೇಪು ಬಿಚ್ಚಿ ಒಂದು ತುದಿಯನ್ನು ಒಬ್ಬ ಹುಡುಗನ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ನಡೆಯುತ್ತಾ ಹೋದರು. ನಡೆದರು, ಇನ್ನೂ ನಡೆದರು. ನಿಂತಲ್ಲಿ ಸುಣ್ಣದ ಗೆರೆ ಎಳೆದರು. "ಇದು 17 ಮೀಟರ್ 3 ಸೆಂಟಿಮೀಟರ್. ಒಬ್ಬ ಮನುಷ್ಯ ಅಲ್ಲಿ ಕಾಲೂರಿ ಇಲ್ಲಿ ಬಿದ್ದಿದ್ದಾನೆ, ನಡುವೆ ನೆಲ ಮುಟ್ಟಿದ್ದು ಎರಡೇ ಸಲ" ಅಂದರು. ಮಕ್ಕಳು ಸುಮ್ನೆ ಆ ಗೆರೆಗಳನ್ನು ನೋಡುತ್ತಾ ನಿಂತರು. ನಾನೂ ನೋಡಿದೆ. ಬರೆದ ಅಂಕಿಗಿಂತ ಮೈದಾನದಲ್ಲಿ ಕಾಣುವ ಉದ್ದ ಬೇರೆಯೇ.

ಆ ಮನುಷ್ಯ ಯೂಜೆಫ್ ಶ್ಮಿಟ್. ಪೋಲೆಂಡಿನವರು. ಟ್ರಿಪಲ್ ಜಂಪ್‌ನಲ್ಲಿ 17 ಮೀಟರ್ ದಾಟಿದ ಜಗತ್ತಿನ ಮೊದಲ ಗಂಡಸು. 1960ರ ಆಗಸ್ಟ್ 5, ಓಲ್ಶ್ಟಿನ್ ಎಂಬ ಊರಿನಲ್ಲಿ, ಅವರ ದೇಶದ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ. ಅದಕ್ಕೆ ಮೊದಲು ಇದ್ದ ವಿಶ್ವ ದಾಖಲೆ ಸೋವಿಯತ್ ಒಕ್ಕೂಟದ ಫೆದೊಸೆಯೆವ್ ಅವರ 16.70. ಅದಕ್ಕಿಂತ ಹಿಂದಿನದು 16.59. ಹನ್ನೊಂದು ಸೆಂಟಿಮೀಟರ್ ಹೀಗೆ ಏರಿದ್ದ ದಾಖಲೆಯನ್ನು ಇವರು ಒಂದೇ ಹಾರಿಕೆಯಲ್ಲಿ 33 ಸೆಂಟಿಮೀಟರ್ ಮುಂದಕ್ಕೆ ಒಯ್ದರು.

ಇಡೀ ತಿಂಗಳ ಶಿಬಿರ ಈ ಒಬ್ಬ ಆಟಗಾರನ ಜೀವನದ ಮೇಲೆಯೇ ನಡೆಯುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೆಲವು ಪೋಷಕರು "ಕತೆ ಹೇಳಲಿಕ್ಕೆ ನಾವು ದುಡ್ಡು ಕೊಟ್ಟದ್ದಾ" ಅಂತ ಕೇಳಿದ್ದು ನನ್ನ ಕಿವಿಗೂ ಬಿದ್ದಿದೆ. ದಿನಕ್ಕೆ ಕತೆ ಹತ್ತು ನಿಮಿಷ, ಕೊನೆಯಲ್ಲಿ ಮಕ್ಕಳು ಬೆವರು ಒರೆಸಿಕೊಂಡು ಕೂತಾಗ. ಮರುದಿನದ ಅಭ್ಯಾಸ ಆ ಕತೆಯಿಂದಲೇ ಶುರುವಾಗುತ್ತದೆ. ಸುಮ್ಮನೆ ಹೊತ್ತು ಕಳೆಯಲು ಹೇಳಿದ್ದಲ್ಲ.

ಎರಡನೆಯ ದಿನದ್ದನ್ನೇ ನೋಡಿ. ಮಾಸ್ಟ್ರು ಆ 17.03ರ ಒಳಗೆ ಇನ್ನೂ ಎರಡು ಗೆರೆ ಎಳೆದರು. ಹಾಪ್ 5.99. ಸ್ಟೆಪ್ 5.02. ಜಂಪ್ 6.02. ನೂರರಲ್ಲಿ ಲೆಕ್ಕ ಹಾಕಿದರೆ ಸುಮಾರು 35, 30, 35. ಆಗಿನ ಕಾಲದಲ್ಲಿ ಸೋವಿಯತ್ ಜಿಗಿತಗಾರರು ಮೊದಲ ಹಾಪನ್ನು ಎತ್ತರಕ್ಕೆ, ತುಂಬ ಬಲ ಹಾಕಿ ಹಾರುತ್ತಿದ್ದರು. ಎತ್ತರ ಹೋದಷ್ಟೂ ಕೆಳಗೆ ಬೀಳುವಾಗ ಹೊಡೆತ ಜಾಸ್ತಿ, ಆ ಹೊಡೆತದಲ್ಲಿ ಓಟದ ವೇಗ ಸತ್ತುಹೋಗುತ್ತದೆ. ಪೋಲೆಂಡಿನವರು ಅದನ್ನು ಬಿಟ್ಟು ತಗ್ಗಿನಲ್ಲಿ, ಚಪ್ಪಟೆಯಾಗಿ, ವೇಗ ಕಳೆದುಕೊಳ್ಳದೆ ಹೋಗುವ ದಾರಿ ಹಿಡಿದರು. ಶ್ಮಿಟ್ ಅವರ ಕೋಚ್ ತಾದೆಉಶ್ ಸ್ತಾಝಿನ್ಸ್ಕಿ. ಶ್ಮಿಟ್ 100 ಮೀಟರನ್ನು 10.4 ಸೆಕೆಂಡಿನಲ್ಲಿ ಓಡುತ್ತಿದ್ದವರು, ಅವರ ಅಣ್ಣ ಎಡ್ವರ್ಡ್ ಕೂಡ ಓಟಗಾರ. ಅಂಥವರಿಗೆ ಆ ವೇಗವೇ ಬಂಡವಾಳ, ಅದನ್ನು ಮೊದಲ ಹೆಜ್ಜೆಯಲ್ಲೇ ಖರ್ಚು ಮಾಡಬಾರದು ಅಲ್ವಾ?

ಇದನ್ನು ಮಕ್ಕಳಿಗೆ ಅರ್ಥ ಮಾಡಿಸಲು ಮಾಸ್ಟ್ರು ಅಡಿಕೆ ತೋಟವನ್ನು ತಂದರು. "ಮಳೆಗಾಲದಲ್ಲಿ ತೋಟದ ಕಣಿ ದಾಟಿಕೊಂಡು ಓಡುತ್ತೀರಲ್ಲ, ಹೇಗೆ ಓಡುತ್ತೀರಿ? ಮೊದಲ ಕಣಿಯನ್ನು ಎತ್ತರಕ್ಕೆ ಹಾರಿದರೆ ಎರಡನೆಯದರಲ್ಲಿ ಬೀಳುತ್ತೀರಿ. ಸಾಲು ಕಣಿ ಇರುವಾಗ ತಗ್ಗಿ, ಒಂದೇ ಸಮನೆ ಹೋಗಬೇಕು." ನಮ್ಮ ಮಕ್ಕಳು ಅದನ್ನು ದಿನಾ ಮಾಡುವವರು, ತಕ್ಷಣ ಹಿಡಿದರು. ಮಗಳು ಆವರೆಗೆ ಲಾಂಗ್ ಜಂಪ್ ಅಭ್ಯಾಸದಿಂದ ಮೊದಲ ಹಾಪನ್ನೇ ಆಕಾಶಕ್ಕೆ ಹಾರುತ್ತಿದ್ದಳು. ಸ್ಟೆಪ್ಪಿಗೆ ಬರುವಾಗ ಮೊಣಕಾಲು ಮಡಚಿ ಕುಸಿಯುತ್ತಿದ್ದಳು. ಮೂರನೆಯ ದಿನದ ಹೊತ್ತಿಗೆ ಆ ಕುಸಿತ ಹೋಯಿತು. ಅಷ್ಟು ಬೇಗ ಬದಲಾವಣೆ ಆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅದೇ ಸಂಜೆ ಅವಳು ಮನೆಯ ಅಂಗಳದಲ್ಲಿ 17.03 ಅಳೆಯಲು ಹೊರಟಳು. ಬಡಗಿಯ ಐದು ಮೀಟರ್ ಟೇಪು ಹಿಡಿದುಕೊಂಡು, ತಮ್ಮನನ್ನು ಕೂಡಿಸಿಕೊಂಡು, ಒಣಗಲು ಹಾಕಿದ್ದ ಅಡಿಕೆಯನ್ನು ಕಾಲಿನಿಂದ ಸರಿಸಿಕೊಂಡು. ತುಳಸಿಕಟ್ಟೆಯಿಂದ ಹಟ್ಟಿಯ ಬಾಗಿಲಿನವರೆಗೆ ಬರೀ 14 ಮೀಟರ್ ಇತ್ತು. ಉಳಿದ ಮೂರು ಮೀಟರ್ ಹಟ್ಟಿಯೊಳಗೆ, ದನದ ಕಾಲಿನ ಹತ್ತಿರ. ಅಜ್ಜಿ ಹೊರಗೆ ಬಂದು ಏನಿದು ಅಂತ ಕೇಳಿದರು. ವಿಷಯ ಗೊತ್ತಾದ ಮೇಲೆ ಅವರೂ ಆ ಉದ್ದವನ್ನು ಎರಡು ಸಲ ನಡೆದು ನೋಡಿದರು.

ಈಗ ದೂರುಗಳಿಗೆ ಬರುತ್ತೇನೆ. ಹೊಯಿಗೆ ಗುಂಡಿ ಚಿಕ್ಕದು, ಆಳವೂ ಸಾಲದು. ಮೊದಲ ವಾರ ಅದರಲ್ಲಿ ಚಿಪ್ಪು, ಸಣ್ಣ ಕಲ್ಲು ಎಲ್ಲ ಇತ್ತು. ಒಬ್ಬ ಹುಡುಗನ ತೊಡೆ ತರಚಿತು. ನಾವು ಕೆಲವು ಪೋಷಕರು ಹೇಳಿದ ಮೇಲೆ ಮಾಸ್ಟ್ರು ಎರಡು ದಿನ ಜರಡಿ ಹಿಡಿಸಿ ಸರಿ ಮಾಡಿಸಿದರು. ಶಿಬಿರ ಶುರುವಾಗುವ ಮೊದಲೇ ಮಾಡಬೇಕಿತ್ತು, ಅದನ್ನು ಅವರ ಎದುರಿಗೇ ಹೇಳಿದ್ದೇನೆ. ಹುಡುಗಿಯರ ಟಾಯ್ಲೆಟ್ಟಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತ ದಿನಾ ಹುಡುಕಬೇಕು. ರಜೆಯಾದ್ದರಿಂದ ಶಾಲೆಯಲ್ಲಿ ಯಾರೂ ಇರುವುದಿಲ್ಲ. ಇದು ದೊಡ್ಡ ಕೊರತೆ, ಮುಂದಿನ ಸಲ ಹೆಸರು ಕೊಡುವಾಗ ಎಲ್ಲರೂ ಒಟ್ಟಾಗಿ ಕೇಳಲೇಬೇಕು. ಕುಡಿಯುವ ನೀರು ಮನೆಯಿಂದಲೇ ಕಳಿಸಿ. ಎಂಟು ಗಂಟೆಯ ಮೇಲೆ ಬಿಸಿಲು ತಡೆಯಲು ಆಗುವುದಿಲ್ಲ, ನೆರಳಿರುವುದು ಒಂದೇ ಮರದ್ದು.

ಓಡುವ ದಾರಿ ಗಟ್ಟಿ ಮುರ ಮಣ್ಣಿನದು. ಇದನ್ನು ನಾನು ದೂರು ಅಂತಲೇ ಬರೆಯಬೇಕೆಂದಿದ್ದೆ. ಮಾಸ್ಟ್ರ ಹತ್ತಿರ ಕೇಳಿದಾಗ ಅವರು ಬೇರೆ ಒಂದು ವಿಷಯ ಹೇಳಿದರು. ಒಲಿಂಪಿಕ್ಸ್‌ಗೆ ಸಿಂಥೆಟಿಕ್ ಟ್ರ್ಯಾಕ್ ಬಂದದ್ದೇ 1968ರಲ್ಲಿ, ಮೆಕ್ಸಿಕೋದಲ್ಲಿ. ಶ್ಮಿಟ್ ಗೆದ್ದ ರೋಮ್, ಟೋಕಿಯೊ ಎರಡೂ ಕಡೆ ಸಿಂಡರ್ ಟ್ರ್ಯಾಕ್, ಅಂದರೆ ಸುಟ್ಟ ಕಲ್ಲಿದ್ದಲಿನ ಪುಡಿ ಹಾಸಿದ ನೆಲ. ಹಾಗೆಂದು ಮುರ ಮಣ್ಣಿನ ಮೇಲೆ ಬಿಟ್ಟರೆ ಸಾಕು ಅಂತ ಅವರ ಅರ್ಥವಲ್ಲ. ಗಟ್ಟಿ ನೆಲದಲ್ಲಿ ದಿನಕ್ಕೆ ಇಷ್ಟೇ ಹಾರಿಕೆ ಅಂತ ಮಿತಿ ಇಟ್ಟಿದ್ದರು. ಪೂರ್ತಿ ಓಟದಿಂದ ಆರು ಹಾರಿಕೆ, ಅದಕ್ಕಿಂತ ಒಂದೂ ಜಾಸ್ತಿ ಇಲ್ಲ. ಬಾಕಿ ಎಲ್ಲ ಹುಲ್ಲಿನ ಮೇಲೆ ಕುಂಟುವುದು, ಹೆಜ್ಜೆ ಹಾಕುವುದು, ಓಡುವುದು. ದೊಡ್ಡ ಜಿಗಿತಗಾರರಲ್ಲಿ ಸ್ಟೆಪ್ಪಿಗೆ ಕಾಲೂರುವ ಆ ಕ್ಷಣ ಒಂದೇ ಕಾಲಿನ ಮೇಲೆ ಮೈತೂಕದ ಹತ್ತು ಪಟ್ಟಿಗಿಂತ ಜಾಸ್ತಿ ಭಾರ ಬೀಳುತ್ತದಂತೆ. ಅದು ಕೇಳಿದ ಮೇಲೆ ಆ ಆರು ಹಾರಿಕೆಯ ಲೆಕ್ಕ ನನಗೆ ಸಮಾಧಾನ ಕೊಟ್ಟಿತು.

ಶೂ ವಿಷಯದಲ್ಲಿ ನನಗಾದ ನಷ್ಟ ನಿಮಗೆ ಆಗಬಾರದು. ಶಿಬಿರ ಶುರುವಾಗುವ ಮೊದಲು ನಾನು ಪೇಟೆಯ ಒಂದು ಅಂಗಡಿಗೆ ಹೋಗಿ ಜಂಪ್‌ಗೆ ಸ್ಪೈಕ್ ಬೇಕು ಅಂದೆ. ಅವರು ಓಟದ ಸ್ಪೈಕ್ ಕೊಟ್ಟು ಎಲ್ಲ ಒಂದೇ, ಧಾರಾಳ ಸಾಕು ಅಂದರು. ಒಂದಲ್ಲ. ಓಟದ ಸ್ಪೈಕಿನಲ್ಲಿ ಹಿಮ್ಮಡಿಯ ಕೆಳಗೆ ಏನೂ ಇರುವುದಿಲ್ಲ, ತೆಳು. ಟ್ರಿಪಲ್ ಜಂಪ್ ಶೂನಲ್ಲಿ ಹಿಮ್ಮಡಿ ದಪ್ಪ, ತಳ ಗಟ್ಟಿ. ಮಗಳಿಗೆ ನಾಲ್ಕೇ ದಿನದಲ್ಲಿ ಹಿಮ್ಮಡಿ ನೋವು ಬಂತು. ವಾಪಸ್ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಮಾಸ್ಟ್ರು ಹೇಳಿದ್ದು, ಮೊದಲ ವರ್ಷ ಸ್ಪೈಕೇ ಬೇಡ, ಹಿಮ್ಮಡಿ ದಪ್ಪ ಇರುವ ಸಾಧಾರಣ ಓಟದ ಶೂ ಸಾಕು. ಶೂ ತೆಗೆದುಕೊಳ್ಳುವ ಮೊದಲು ಅವರನ್ನು ಒಮ್ಮೆ ಕೇಳಿ.

ಎರಡನೆಯ ವಾರದ ಕೊನೆಯಲ್ಲಿ ಮಗಳಿಗೆ ಮೊಣಕಾಲು ನೋಯಲು ಶುರುವಾಯಿತು. ಇಲ್ಲಿ ನಾನು ಮಾಸ್ಟ್ರನ್ನು ತಪ್ಪು ತಿಳಿದೆ. ಅವರು ಆರು ದಿನ ಹಾರಲೇಬಾರದು ಅಂದರು. ಮೈದಾನಕ್ಕೆ ಬರಬೇಕು, ಟೇಪು ಹಿಡಿಯಬೇಕು, ಬೇರೆಯವರ ಹೆಜ್ಜೆ ಗುರುತು ನೋಡಿ ಬರೆದುಕೊಳ್ಳಬೇಕು, ಕೂತು ತೊಡೆಯ ವ್ಯಾಯಾಮ ಮಾಡಬೇಕು, ಹಾರುವುದು ಮಾತ್ರ ಇಲ್ಲ. ಮೂವತ್ತು ದಿನದ ಶಿಬಿರದಲ್ಲಿ ಆರು ದಿನ ಹೋದರೆ ಏನು ಉಳಿಯಿತು ಅಂತ ನನಗೆ ಬೇಜಾರಾಯಿತು. ಮಗಳು ಮನೆಗೆ ಬಂದು ಅತ್ತಳು.

ಮರುದಿನ ಅವರು ಟೋಕಿಯೊ ಕತೆ ಹೇಳಿದರು. ಅದರ ಮೊದಲಿನದ್ದು ಮಕ್ಕಳಿಗೆ ಆಗಲೇ ಗೊತ್ತಿತ್ತು. 1958ರಲ್ಲಿ ಸ್ಟಾಕ್‌ಹೋಮ್‌ನಲ್ಲಿ 16.43 ಹಾರಿ ಯುರೋಪಿನ ಚಾಂಪಿಯನ್. 1960ರ ಆಗಸ್ಟಿನಲ್ಲಿ ಆ 17.03. ಮರು ತಿಂಗಳು ರೋಮ್ ಒಲಿಂಪಿಕ್ಸ್‌ನಲ್ಲಿ 16.81 ಹಾರಿ ಚಿನ್ನ. ಎರಡನೆಯವರಾದ ಗೊರ್ಯಾಯೆವ್ 16.63. 1962ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಮತ್ತೆ ಯುರೋಪಿನ ಚಾಂಪಿಯನ್, 16.55. ಎಲ್ಲ ಗೆಲುವೇ ಇದ್ದಂತೆ ಕಾಣುತ್ತದೆ. ಆದರೆ 1964ರ ಟೋಕಿಯೊ ಬರುವ ಹೊತ್ತಿಗೆ ಅವರ ಮೊಣಕಾಲು ಕೆಟ್ಟಿತ್ತು. ಒಲಿಂಪಿಕ್ಸ್‌ಗೆ ಸ್ವಲ್ಪ ಮೊದಲು ಆಪರೇಷನ್ ಆಯಿತು. ಈಗಿನ ಹಾಗೆ ಸಣ್ಣ ತೂತು ಮಾಡಿ ಸರಿಪಡಿಸುವ ಕಾಲವೂ ಅದಲ್ಲ. ಅಂಥ ಕಾಲಿನಲ್ಲಿ ಅವರು ಟೋಕಿಯೊಗೆ ಹೋಗಿ 16.85 ಹಾರಿದರು. ಚಿನ್ನ ಬಂತು, ಒಲಿಂಪಿಕ್ ದಾಖಲೆಯೂ ಆಯಿತು. ರೋಮ್‌ಗಿಂತ ನಾಲ್ಕು ಸೆಂಟಿಮೀಟರ್ ಜಾಸ್ತಿ. ಎರಡು ಮತ್ತು ಮೂರನೆಯ ಸ್ಥಾನದಲ್ಲಿ ಫೆದೊಸೆಯೆವ್ 16.58, ಕ್ರಾವ್ಚೆಂಕೊ 16.57. ಆ ಇಬ್ಬರ ನಡುವೆ ಒಂದು ಸೆಂಟಿಮೀಟರ್, ಶ್ಮಿಟ್ ಅವರಿಗಿಂತ 27 ಸೆಂಟಿಮೀಟರ್ ಮುಂದೆ.

ಮಗಳು ಆ ರಾತ್ರಿ ಊಟ ಮಾಡುವಾಗ, "ಅಮ್ಮ, ಆಪರೇಷನ್ ಆದವರೇ ಕಾದಿದ್ದಾರೆ, ನನ್ನದು ಬರೀ ಆರು ದಿನ" ಅಂದಳು. ಮತ್ತೆ ಅಳಲಿಲ್ಲ. ಆ ಆರು ದಿನದಲ್ಲಿ ಅವಳು ಇಪ್ಪತ್ತೊಂದು ಮಕ್ಕಳ ಹಾಪ್, ಸ್ಟೆಪ್, ಜಂಪ್ ಬೇರೆ ಬೇರೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿದ್ದಾಳೆ. ಯಾರ ಸ್ಟೆಪ್ ಗಿಡ್ಡ, ಯಾರು ಹಲಗೆಯ ಹತ್ತಿರ ಬಂದು ಓಟ ನಿಧಾನ ಮಾಡುತ್ತಾರೆ, ಎಲ್ಲ ಅವಳಿಗೆ ಬಾಯಿಪಾಠ. ಹಾರುವುದರಿಂದ ಕಲಿತದ್ದಕ್ಕಿಂತ ಅಳೆಯುವುದರಿಂದ ಕಲಿತದ್ದೇ ಜಾಸ್ತಿ ಅಂತ ನನಗನಿಸಿದೆ. ಏಳನೆಯ ದಿನ ಮೊಣಕಾಲು ನೋಯಲಿಲ್ಲ. ಆಮೇಲೂ ನೋಯಲಿಲ್ಲ.

ಆ ನೋಟ್‌ಬುಕ್ಕಿನ ಒಂದು ಪುಟ ನನಗೆ ಬಹಳ ಇಷ್ಟ. ಈಗಿನ ವಿಶ್ವ ದಾಖಲೆ ಇಂಗ್ಲೆಂಡಿನ ಜೊನಾಥನ್ ಎಡ್ವರ್ಡ್ಸ್ ಅವರದು, 1995ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಹಾರಿದ 18.29. ಅದರ ಮೂರು ಭಾಗ 6.05, 5.22, 7.02. ಮಗಳು ಅದನ್ನು ಶ್ಮಿಟ್ ಅಂಕಿಯ ಪಕ್ಕದಲ್ಲಿ ಬರೆದು ಕಳೆದಿದ್ದಾಳೆ. ಹಾಪ್‌ನಲ್ಲಿ ಆರು ಸೆಂಟಿಮೀಟರ್ ವ್ಯತ್ಯಾಸ. ಸ್ಟೆಪ್‌ನಲ್ಲಿ ಇಪ್ಪತ್ತು. ಕೊನೆಯ ಜಂಪ್‌ನಲ್ಲಿ ಸರಿಯಾಗಿ ಒಂದು ಮೀಟರ್! 35 ವರ್ಷಗಳಲ್ಲಿ ಮನುಷ್ಯ ಮೊದಲ ಹಾಪ್‌ನಲ್ಲಿ ಗಳಿಸಿದ್ದು ಆರು ಸೆಂಟಿಮೀಟರ್ ಮಾತ್ರ. ಉಳಿದ ದೂರವೆಲ್ಲ ಬಂದದ್ದು ವೇಗವನ್ನು ಕೊನೆಯವರೆಗೆ ಉಳಿಸಿಕೊಂಡದ್ದರಿಂದ. ಶ್ಮಿಟ್ ಶುರು ಮಾಡಿದ ದಾರಿಯಲ್ಲೇ ಎಡ್ವರ್ಡ್ಸ್ ಮುಂದೆ ಹೋದರು ಅಂತ ಮಾಸ್ಟ್ರು ಹೇಳುತ್ತಿದ್ದದ್ದು ಈ ಪುಟ ನೋಡಿದಾಗ ನನಗೆ ಪೂರ್ತಿ ತಿಳಿಯಿತು. ಒಂಬತ್ತನೆಯ ಕ್ಲಾಸಿನ ಮಗು ಬೇಸಿಗೆ ರಜೆಯಲ್ಲಿ ತಾನಾಗಿ ಕೂತು ಈ ಲೆಕ್ಕ ಮಾಡಿದೆ ಅಂದರೆ ಶಿಬಿರಕ್ಕೆ ಕೊಟ್ಟ ಹಣ ವಸೂಲಾಯಿತು.

ಹುಡುಗಿಯರ ತಾಯಂದಿರು ಕೇಳುವುದಕ್ಕೆ ಒಂದು ಮಾತು. ಶ್ಮಿಟ್ ಹಾರುತ್ತಿದ್ದ ಕಾಲದಲ್ಲಿ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಟ್ರಿಪಲ್ ಜಂಪ್ ಇರಲೇ ಇಲ್ಲ. 1996ರ ಅಟ್ಲಾಂಟಾದಲ್ಲಿ ಶುರುವಾಯಿತು. ಮಾಸ್ಟ್ರು ಇದನ್ನು ಒಂಬತ್ತು ಹುಡುಗಿಯರನ್ನು ಮುಂದೆ ಕೂರಿಸಿಕೊಂಡು ಹೇಳಿದರು. ವೆನೆಜುವೆಲಾದ ಯೂಲಿಮಾರ್ ರೋಹಾಸ್ 2022ರಲ್ಲಿ 15.74 ಹಾರಿದ್ದು ಬೆಲ್‌ಗ್ರೇಡ್‌ನಲ್ಲಿ, ಶ್ಮಿಟ್ 1962ರಲ್ಲಿ ಚಿನ್ನ ಗೆದ್ದ ಅದೇ ಊರು. ನಮ್ಮ ಕೇರಳದ ಮಯೂಖಾ ಜಾನಿ 2011ರಲ್ಲಿ 14.11 ಹಾರಿ 14 ಮೀಟರ್ ದಾಟಿದ್ದಾರೆ. ಹುಡುಗರಿಗೂ ಹುಡುಗಿಯರಿಗೂ ಒಂದೇ ಅಭ್ಯಾಸ, ಒಂದೇ ಸಾಲು. ಯಾರನ್ನೂ ಪಕ್ಕಕ್ಕೆ ನಿಲ್ಲಿಸುವುದಿಲ್ಲ. ಈ ವಿಷಯದಲ್ಲಿ ನನಗೆ ಮಾಸ್ಟ್ರ ಮೇಲೆ ಪೂರ್ತಿ ಭರವಸೆ ಇದೆ.

ಒಂದು ದಿನ ಅವರು ಶ್ಮಿಟ್ ಹುಟ್ಟೂರಿನ ಬಗ್ಗೆ ಹೇಳಿದ್ದು ಮಕ್ಕಳಿಗಿಂತ ಜಾಸ್ತಿ ನಮಗೆ, ದೊಡ್ಡವರಿಗೆ, ನಾಟಿತು. ಅವರು ಹುಟ್ಟಿದ್ದು 1935ರಲ್ಲಿ ಮಿಯೆಹೋವಿತ್ಸೆಯಲ್ಲಿ, ಬಿಟೊಮ್ ಪಟ್ಟಣದ ಹತ್ತಿರ, ಸೈಲೀಸಿಯಾ ಎಂಬ ಗಡಿ ಸೀಮೆಯಲ್ಲಿ. ಆಗ ಅದು ಜರ್ಮನಿಗೆ ಸೇರಿತ್ತು. ಯುದ್ಧ ಮುಗಿದ ಮೇಲೆ ಪೋಲೆಂಡಿಗೆ ಸೇರಿತು. ಅವರ ಹೆಸರನ್ನು ಇಂದಿಗೂ ಎರಡು ತರ ಬರೆಯುತ್ತಾರೆ, ಜರ್ಮನ್ ಕಾಗುಣಿತದಲ್ಲಿ ಒಂದು, ಪೋಲಿಷ್ ಕಾಗುಣಿತದಲ್ಲಿ ಒಂದು. "ಸೈಲೀಸಿಯಾದ ಕಾಂಗರೂ" ಅಂತ ಅಡ್ಡಹೆಸರು ಬಂದಾಗಲೂ ದೇಶದ ಹೆಸರು ಸೇರಲಿಲ್ಲ, ಸೀಮೆಯ ಹೆಸರು ಸೇರಿತು. ನನ್ನ ಅಜ್ಜ ಹುಟ್ಟಿದ್ದು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿ. 1956ರ ನವೆಂಬರ್ 1ರಂದು ಮನೆ ಬದಲಾಯಿಸದೆ, ಗದ್ದೆ ಬದಲಾಯಿಸದೆ ಕೇರಳದವರಾದರು. ಅಜ್ಜನ ಹೆಸರು ಆಧಾರದಲ್ಲಿ ಒಂದು ತರ, ರೇಷನ್ ಕಾರ್ಡಿನಲ್ಲಿ ಮಲಯಾಳ ಉಚ್ಚಾರದಲ್ಲಿ ಇನ್ನೊಂದು ತರ. ಶ್ಮಿಟ್ ಆಮೇಲೆ ಪಶ್ಚಿಮ ಜರ್ಮನಿಗೆ ಹೋಗಿ ಅನೇಕ ವರ್ಷ ಇದ್ದರು, ಮತ್ತೆ ಪೋಲೆಂಡಿಗೆ ಬಂದರು, 2024ರ ಜುಲೈಯಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡರು. ಯಾವ ದೇಶದವರು ಅಂತ ಒಬ್ಬ ಹುಡುಗ ಕೇಳಿದ. ಮಾಸ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ಪೋಲೆಂಡಿಗಾಗಿ ಹಾರಿದವರು ಅಂದರು.

ಮೂರನೆಯ ವಾರ ಬರ್ಮಿಂಗ್‌ಹ್ಯಾಮ್ ಕತೆ. ಇದು ನಿಮಗೆಲ್ಲ ಗೊತ್ತಿರಬಹುದು. 2022ರ ಕಾಮನ್‌ವೆಲ್ತ್ ಗೇಮ್ಸ್, ಆಗಸ್ಟ್ 7. ಚಿನ್ನ ಎಲ್ದೋಸ್ ಪೌಲ್, ಬೆಳ್ಳಿ ಅಬ್ದುಲ್ಲ ಅಬೂಬಕರ್, ಇಬ್ಬರೂ ಕೇರಳದವರು. ನಾಲ್ಕನೆಯವರು ತಮಿಳುನಾಡಿನ ಪ್ರವೀಣ್ ಚಿತ್ರವೇಲ್. ಎಲ್ದೋಸ್ ಹಾರಿದ್ದು ಎಷ್ಟು ಗೊತ್ತಾ? 17.03. ಅದೇ ಅಂಕಿ! ಅಬ್ದುಲ್ಲ 17.02. ಓಲ್ಶ್ಟಿನ್‌ನ ಆ ದಿನದಿಂದ 62 ವರ್ಷ ಎರಡು ದಿನ ಕಳೆದ ಮೇಲೆ. ಮಕ್ಕಳು ಕಿರುಚಿಕೊಂಡು ಎದ್ದುನಿಂತರು. ಒಂದು ಕಾಲದಲ್ಲಿ ಇಡೀ ಜಗತ್ತಿನಲ್ಲಿ ಒಬ್ಬರಿಗೆ ಮಾತ್ರ ಆದದ್ದನ್ನು ನಮ್ಮ ಕೇರಳದ ಹುಡುಗರು ಮಾಡಿದರು ಅಂತ ಅವರಿಗೆ ಆದ ಖುಷಿ ನೋಡಬೇಕಿತ್ತು. ಪ್ರವೀಣ್ ಮರುವರ್ಷ ಕ್ಯೂಬಾದಲ್ಲಿ 17.37 ಹಾರಿ ರಾಷ್ಟ್ರೀಯ ದಾಖಲೆ ಮಾಡಿದ್ದನ್ನೂ ಮಾಸ್ಟ್ರು ಮೊಬೈಲಿನಲ್ಲಿ ತೋರಿಸಿದರು. ಆದರೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಪ್ರವೀಣ್ ಹಾರಿದ ಅಂಕಿಯನ್ನು ಮಾತ್ರ ಹೇಳಲಿಲ್ಲ. ಕೊನೆಯ ದಿನ ಹೇಳುತ್ತೇನೆ ಅಂದರು.

ಕೊನೆಯ ದಿನ ಅಳತೆ. ಹಿಂದಿನ ರಾತ್ರಿ ಗುಡುಗು ಸಹಿತ ಮಳೆ ಬಂದಿತ್ತು, ಹೊಯಿಗೆ ಒದ್ದೆಯಾಗಿ ಗಟ್ಟಿಯಾಗಿತ್ತು, ಮಕ್ಕಳೇ ಗುದ್ದಲಿ ಹಿಡಿದು ಮಗುಚಿದರು. ಮಗಳು ಮೊದಲ ವಾರ 8.60 ಹಾರಿದ್ದಳು. ಆ ದಿನ 9.35. ಅವಳಿಗಿಂತ ದೂರ ಹಾರಿದ ಹುಡುಗಿಯರು ಇಬ್ಬರು ಇದ್ದರು. ಎಲ್ಲರ ಅಂಕಿಯ ಜೊತೆ ಮೂರೂ ಭಾಗದ ಅಳತೆ ಬರೆದ ಒಂದು ಚೀಟಿ ಕೊಟ್ಟರು. ಸರ್ಟಿಫಿಕೇಟ್ ಇಲ್ಲ, ಮೆಡಲ್ ಇಲ್ಲ. ಕೆಲವರಿಗೆ ಅದು ಸರಿಹೋಗಲಿಲ್ಲ. ನನಗೆ ಆ ಚೀಟಿಯೇ ಇಷ್ಟವಾಯಿತು, ಮುಂದೆ ಯಾವುದನ್ನು ತಿದ್ದಬೇಕು ಅಂತ ಅದರಲ್ಲೇ ಇದೆ.

ಆಮೇಲೆ ಎಲ್ಲರನ್ನೂ ಕೂರಿಸಿ ಮೆಕ್ಸಿಕೋ ಕತೆ. 1968ರ ಅಕ್ಟೋಬರ್. ಶ್ಮಿಟ್ ಅವರಿಗೆ 33 ವರ್ಷ. ಅವರ 17.03 ಎಂಟು ವರ್ಷ ಯಾರಿಗೂ ಸಿಗದೆ ಉಳಿದಿತ್ತು. ಮೆಕ್ಸಿಕೋ ನಗರ ಸಮುದ್ರ ಮಟ್ಟದಿಂದ ಎರಡು ಸಾವಿರ ಮೀಟರಿಗಿಂತ ಎತ್ತರದಲ್ಲಿದೆ, ಗಾಳಿ ತೆಳು, ಟ್ರ್ಯಾಕ್ ಹೊಸದು. ಅರ್ಹತಾ ಸುತ್ತಿನಲ್ಲೇ ಇಟಲಿಯ ಜೆಂಟಿಲೆ 17.10 ಹಾರಿ ದಾಖಲೆ ಮುರಿದರು. ಮರುದಿನ ಫೈನಲ್‌ನಲ್ಲಿ ಅವರೇ 17.22. ಆಮೇಲೆ ಸೋವಿಯತ್ ಒಕ್ಕೂಟದ ಸನೆಯೆವ್ 17.23. ಬ್ರೆಜಿಲ್‌ನ ಪ್ರುಡೆನ್ಸಿಯೊ 17.27. ಮತ್ತೆ ಸನೆಯೆವ್, 17.39. ಎರಡು ದಿನದಲ್ಲಿ ಐದು ಸಲ ದಾಖಲೆ ಬಿತ್ತು. ಅದೇ ಫೈನಲ್‌ನಲ್ಲಿ ಶ್ಮಿಟ್ ಕೂಡ ಹಾರುತ್ತಿದ್ದರು, ತನ್ನ ಎಂಟು ವರ್ಷದ ದಾಖಲೆ ಕಣ್ಣೆದುರಿಗೇ ಹೋಗುವುದನ್ನು ನೋಡುತ್ತಾ. ಅವರು ಹಾರಿದ್ದು 16.89. ರೋಮ್‌ನಲ್ಲಿ ಚಿನ್ನ ತಂದುಕೊಟ್ಟ ಹಾರಿಕೆಗಿಂತ ಎಂಟು ಸೆಂಟಿಮೀಟರ್ ಜಾಸ್ತಿ. ಟೋಕಿಯೊದ ಚಿನ್ನಕ್ಕಿಂತ ನಾಲ್ಕು ಸೆಂಟಿಮೀಟರ್ ಜಾಸ್ತಿ. ಮೂರು ಒಲಿಂಪಿಕ್ಸ್‌ಗಳಲ್ಲಿ ಅವರ ಅತ್ಯಂತ ಉದ್ದದ ಹಾರಿಕೆ ಅದು. ಸಿಕ್ಕಿದ್ದು ಏಳನೆಯ ಸ್ಥಾನ.

ಬರ್ಮಿಂಗ್‌ಹ್ಯಾಮ್‌ನಲ್ಲಿ ನಾಲ್ಕನೆಯವರಾದ ಪ್ರವೀಣ್ ಹಾರಿದ್ದೂ 16.89.

"ಮಾಷೇ, ಹಾಗಾದರೆ ಮೆಕ್ಸಿಕೋದಲ್ಲಿ ಅವರು ಸೋತದ್ದಾ?" ಅಂತ ಪೆರ್ಲದ ಹುಡುಗ ಕೇಳಿದ. ಮಾಸ್ಟ್ರು ಉತ್ತರ ಹೇಳಲಿಲ್ಲ. ಟೇಪು ತೆಗೆದು 16.89ಕ್ಕೆ ಒಂದು ಗೆರೆ ಎಳೆದರು, 17.03ರ ಗೆರೆಗಿಂತ ಒಂದು ಗೇಣಿಗಿಂತ ಕಡಿಮೆ ಹಿಂದೆ. ಮಕ್ಕಳೆಲ್ಲ ಎದ್ದು ಹೋಗಿ ಆ ಎರಡು ಗೆರೆಗಳ ನಡುವೆ ಕೈ ಇಟ್ಟು ನೋಡಿದರು. ನಾನೂ ಚಪ್ಪಲಿ ಬಿಟ್ಟು ಹೋಗಿ ಇಟ್ಟೆ.

ಮಾಸ್ಟ್ರು ಓಣಂ ರಜೆಯಲ್ಲಿ ಹತ್ತು ದಿನ ಮತ್ತೆ ನಡೆಸುತ್ತಾರಂತೆ, ಮಳೆ ಬಿಟ್ಟರೆ. ಮಳೆಗಾಲ ಪೂರ್ತಿ ಅಭ್ಯಾಸ ನಿಂತುಹೋಗುತ್ತದೆ, ಇದೇ ನನಗೆ ಉಳಿದ ದೊಡ್ಡ ಚಿಂತೆ. ಮಾಡಿನ ಕೆಳಗೆ ವಾರಕ್ಕೆ ಎರಡು ದಿನವಾದರೂ ವ್ಯಾಯಾಮ ಮಾಡಿಸಿ ಅಂತ ಕೇಳಿದ್ದೇವೆ, ಶಾಲೆಯವರು ಜಗಲಿ ಕೊಟ್ಟರೆ ನೋಡೋಣ ಅಂದಿದ್ದಾರೆ. ಹೆಸರು ಕೊಡುವವರು ಬೆಳಗ್ಗೆ ಆರೂವರೆಗೆ ಮೈದಾನಕ್ಕೇ ಹೋಗಿ, ಅವರು ಫೋನು ತೆಗೆಯುವುದು ಕಡಿಮೆ. ಮಕ್ಕಳ ಕೈಯಲ್ಲಿ ನೀರಿನ ಬಾಟಲಿ, ಎರಡು ಟವೆಲ್, ಒಂದು ನೋಟ್‌ಬುಕ್ ಕಳಿಸಿ. ಟಾಯ್ಲೆಟ್ಟಿನ ಕೀ ವಿಷಯ ಮೊದಲ ದಿನವೇ ಕೇಳಿ. ಹೊಯಿಗೆ ಜರಡಿ ಹಿಡಿಯಲು ನಾನು ಹಿಂದಿನ ಭಾನುವಾರವೇ ಬರುತ್ತೇನೆ, ಇನ್ನೂ ನಾಲ್ಕು ಜನ ಬಂದರೆ ಒಂದೇ ದಿನದಲ್ಲಿ ಮುಗಿಯುತ್ತದೆ.